ಹೆಸರಿನ ಕೆಳಗೆ ಕೆಂಪು ಗೆರೆ

ಸ್ಪೆಲ್‌ಚೆಕ್, ಅಂದರೆ ಕಂಪ್ಯೂಟರ್‌ನಲ್ಲಿ ತಪ್ಪು ಅನ್ನಿಸಿದ ಪದದ ಕೆಳಗೆ ಕೆಂಪು ಗೆರೆ ಎಳೆಯುವ ಸೌಲಭ್ಯ, ನಮ್ಮ ಹೆಸರುಗಳನ್ನು ತಿದ್ದಬಾರದು, ನೋಡದೆ ಬಿಡಲೂಬಾರದು. ಈಗ ಅದು ಈ ಎರಡನ್ನೂ ಮಾಡುತ್ತಿದೆ.

ದಾವಣಗೆರೆಯ ಯಾವುದಾದರೂ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಯ ಇಂಗ್ಲಿಷ್ ಪುಟ ಮಾಡುವಾಗ ನೋಡಿ. ತಿಪ್ಪೇಸ್ವಾಮಿ, ಓಬಳೇಶ, ಜಗಳೂರು, ಹೊಳಲ್ಕೆರೆ, ಎಲ್ಲದರ ಕೆಳಗೂ ಕೆಂಪು ಗೆರೆ. ದಿನವಿಡೀ ಟೈಪ್ ಮಾಡುವವರು ಆ ಗೆರೆ ನೋಡುವುದನ್ನೇ ಬಿಟ್ಟಿರುತ್ತಾರೆ. ನಿಜವಾದ ತಪ್ಪೂ ಅದರ ಜೊತೆಗೇ ಪ್ರೆಸ್ಸಿಗೆ ಹೋಗುತ್ತದೆ.

ಪೂರ್ತಿ ಕ್ಯಾಪಿಟಲ್‌ನಲ್ಲಿ ಹೊಡೆದರೆ ಇನ್ನೊಂದು ಕಥೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಅಂಥ ಪದಗಳನ್ನು ಬಿಟ್ಟುಬಿಡುವ ಸೆಟ್ಟಿಂಗ್ ಇದೆ, ಸಾಮಾನ್ಯವಾಗಿ ಅದು ಆನ್ ಆಗಿಯೇ ಬರುತ್ತದೆ. ಕೆಎಸ್‌ಆರ್‌ಟಿಸಿ ಥರದ ಪದಗಳಿಗೆ ಸರಿ. ಆದರೆ ನಮ್ಮ ಅರ್ಜಿ, ಅಂಕಪಟ್ಟಿಗಳಲ್ಲಿ ಹೆಸರು ಇರುವುದೇ ಕ್ಯಾಪಿಟಲ್‌ನಲ್ಲಿ ಅಲ್ವಾ? ಮೊಳಕಾಲ್ಮುರಿನ ಸ್ಪೆಲ್ಲಿಂಗ್‌ನಲ್ಲಿ ಎರಡು ಅಕ್ಷರ ಹಿಂದುಮುಂದಾದರೂ ಯಂತ್ರ ಸುಮ್ನೆ ಕೂತಿರುತ್ತದೆ. ಆಮೇಲೆ ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಇನ್ನೊಂದು. ಅಫಿಡವಿಟ್ ಹಿಡಿದು ನೋಟರಿ ಹತ್ತಿರ ಅಲೆಯುವವರು ನಾವು.

ಇದು ಹೆಸರು ಅಂತ ಗುರುತಿಸಲು ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಸುಳಿವಾದರೂ ಇದೆ. ಕನ್ನಡ ಲಿಪಿಯಲ್ಲಿ ಅದೂ ಇಲ್ಲ. ಕಮಲ ಅಂದರೆ ಹೂವೋ, ಪಕ್ಕದ ಮನೆ ಕಮಲಕ್ಕನೋ? ಅದಕ್ಕಿಂತ ಜಾಸ್ತಿ ಕಾಡುವುದು ಪ್ರತ್ಯಯಗಳು. 'ಚಳ್ಳಕೆರೆ' ಅಂತ ಸ್ಪೆಲ್‌ಚೆಕ್‌ನ ನಿಘಂಟಿಗೆ ಸೇರಿಸಿದರೆ ಆ ಒಂದು ರೂಪ ಮಾತ್ರ ಸೇರುತ್ತದೆ. ಚಳ್ಳಕೆರೆಗೆ, ಚಳ್ಳಕೆರೆಯಲ್ಲಿ, ಚಳ್ಳಕೆರೆಯವರಿಗೂ ಅಂದರೆ ಮತ್ತೆ ಗೆರೆ. ವರ್ಡ್ ಥರದ್ದೇ ಕೆಲಸ ಮಾಡುವ ಲಿಬ್ರೆ ಆಫೀಸಿನಲ್ಲಿ ಹೊಸ ಪದ ಸೇರಿಸುವಾಗ ಇದು ಇಂಥ ಪದದ ಹಾಗೆ ನಡೆಯುತ್ತದೆ ಅಂತ ಮಾದರಿ ಪದ ಕೊಡುವ ಅನುಕೂಲವಿದೆ. ಇಂಥದ್ದು ಕನ್ನಡಕ್ಕೆ ಎಲ್ಲ ಕಡೆ ಚೆನ್ನಾಗಿ ನಡೆಯಬೇಕು.

ಯಾವುದು ಸರಿ ಅಂತ ಯಂತ್ರ ತೀರ್ಪು ಕೊಡುವುದು ನನಗೆ ಬೇಡ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಹಳೆಯ ನಿಘಂಟಿಗೆ ಶಿಮೊಗಾ ಸರಿ, ಶಿವಮೊಗ್ಗ ತಪ್ಪು. ದಾವಣಗೆರೆ ಆ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಇಂಗ್ಲಿಷಿನಲ್ಲಿ ನಡುವೆ 'ಎ' ಹಾಕಿಯೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಎರಡೂ ಇರಲಿ. ಒಂದೇ ಪತ್ರದಲ್ಲಿ ಎರಡೂ ಬಂದರೆ ಮಾತ್ರ, 'ಮೇಲೆ ಒಂದು ಥರ ಇದೆ, ಕೆಳಗೆ ಇನ್ನೊಂದು ಥರ ಇದೆ, ನೋಡಿ' ಅಂತ ಕೇಳಲಿ. ತಿಪ್ಪೇಸ್ವಾಮಿಗೂ ಅಷ್ಟೇ. ಅವರು ಹೇಗೆ ಬರೆದುಕೊಳ್ಳುತ್ತಾರೋ ಅದೇ ಸರಿ, ಆದರೆ ಎಲ್ಲ ಕಡೆ ಒಂದೇ ಇರಲಿ.

ಅಲ್ಲಿಯವರೆಗೆ ಕ್ಯಾಪಿಟಲ್ ಪದ ಬಿಡುವ ಆ ಸೆಟ್ಟಿಂಗ್ ಆಫ್ ಮಾಡಿ. ಅರ್ಜಿ ಟೈಪ್ ಮಾಡಿಸುವಾಗ ಆಧಾರ್ ಪಕ್ಕದಲ್ಲಿಟ್ಟುಕೊಂಡು ಹೆಸರನ್ನು ಒಂದೊಂದೇ ಅಕ್ಷರ ಓದಿಸಿ. ಅಂಗಡಿಯವರು ಗೊಣಗಿದರೂ ಪರವಾಗಿಲ್ಲ.