ಬೀಗ ಸೇನೆಯ ಕೈಲೇ ಇರಲಿ

ಮೊನ್ನೆ ಮೆಟ್ರೋದಲ್ಲಿ ಮೆಜೆಸ್ಟಿಕ್ ಕಡೆ ಹೊರಟಿದ್ದೆ. ಎಂ.ಜಿ. ರೋಡ್ ಸ್ಟೇಷನ್ ಬಿಟ್ಟು ರೈಲು ಸುರಂಗಕ್ಕೆ ಇಳಿಯುವ ಮುಂಚೆ ಬಲಗಡೆ ಮಾಣೆಕ್ ಷಾ ಪೆರೇಡ್ ಮೈದಾನ ಕಂಡಿತು. ಪಕ್ಕದಲ್ಲಿದ್ದ ಹುಡುಗ, "ಇಷ್ಟೊಂದು ಜಾಗ ಸುಮ್ನೆ ಬಿದ್ದಿದೆ ಅಲ್ವಾ ಸಾರ್? ಪಾರ್ಕಿಂಗ್‌ಗಾದ್ರೂ ಕೊಡಬಹುದಿತ್ತು" ಅಂದ.

ಸುಮ್ನೆ ಅಂತೆ! ಅರ್ಧ ಬೆಂಗಳೂರು ಹುಟ್ಟಿದ್ದೇ ಆ ಬಯಲಿನ ಸುತ್ತ. ಟಿಪ್ಪು ಸತ್ತ ಮೇಲೆ ಬ್ರಿಟಿಷರ ಪಡೆ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿನ ಸೊಳ್ಳೆ, ಮಲೇರಿಯಾ ತಡೆಯಲಾರದೆ 1809ರಲ್ಲಿ ಹಲಸೂರಿನ ಹತ್ತಿರ ದಂಡು ಬಂದು ಕೂತಿತು. ಕವಾಯತಿಗೆ ಬಯಲು, ಅದರ ಅಂಚಿಗೆ ರಸ್ತೆ. ನಮ್ಮ ಎಂ.ಜಿ. ರೋಡ್ 1948ರವರೆಗೂ ಸೌತ್ ಪೆರೇಡ್ ಆಗಿತ್ತು. ಕಾಮರಾಜ್ ರಸ್ತೆ ಕ್ಯಾವಲ್ರಿ ರೋಡ್ ಆಗಿತ್ತು. ಈಸ್ಟ್ ಪೆರೇಡ್ ಚರ್ಚ್ ಮಾತ್ರ ಹಳೇ ಹೆಸರು ಬಿಟ್ಟಿಲ್ಲ.

ಅಷ್ಟು ದೊಡ್ಡ ಬಯಲು ಯಾಕೆ ಬೇಕಿತ್ತು? ಆಗಿನ ಬಂದೂಕಿನ ಗುರಿ ಅಷ್ಟಕ್ಕಷ್ಟೇ. ಒಂದೊಂದು ಗುಂಡಿಗೂ ನಳಿಗೆಯ ಬಾಯಿಂದ ಮದ್ದು ತುಂಬಬೇಕು. ನೂರಾರು ಜನ ಭುಜಕ್ಕೆ ಭುಜ ತಾಗಿಸಿ ನಿಂತು ಒಟ್ಟಿಗೆ ಹಾರಿಸಿದರೇನೇ ಪೆಟ್ಟು. ಇವತ್ತು ಚೆಂದಕ್ಕೆ ನೋಡುವ ಕವಾಯತು ಆಗ ಜೀವ ಉಳಿಸುವ ಪಾಠ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಜನವರಿ 26ರ ಪೆರೇಡಿಗೆ ಕರೆದುಕೊಂಡು ಹೋಗಿದ್ದರು. ಗೇಟಿನಲ್ಲಿ ಉಪ್ಪಿಟ್ಟಿನ ಡಬ್ಬಿ ಬಿಡಲಿಲ್ಲ. ಫುಟ್‌ಪಾತ್ ಮೇಲೇ ನಿಂತು ತಿಂದೆವು. ಖಾಲಿ ಡಬ್ಬಿ ಕಡಲೆಕಾಯಿ ಮಾರುವ ಅಜ್ಜಿ ಹತ್ತಿರ ಬಿಟ್ಟೆವು. ರಾಜ್ಯಪಾಲರು ಏನು ಮಾತಾಡಿದರೋ ನೆನಪಿಲ್ಲ. ಬೂಟಿನ ಸದ್ದು ನೆನಪಿದೆ. ಆ ತುದಿಯಲ್ಲಿ ಕಾಲು ನೆಲಕ್ಕೆ ಬೀಳುವುದು ಮೊದಲು ಕಾಣುತ್ತಿತ್ತು, ಒಂಚೂರು ತಡೆದು 'ಧಡ್' ಅಂತ ಕೇಳುತ್ತಿತ್ತು. "ನೋಡು, ಸದ್ದೂ ಅಷ್ಟು ದೂರದಿಂದ ನಡೆದು ಬರಬೇಕು" ಅಂದರು ಅಪ್ಪ.

ವರ್ಷದಲ್ಲಿ ಬಹುಪಾಲು ದಿನ ಈ ಮೈದಾನ ನಮಗೆ ಮುಚ್ಚಿರುತ್ತದೆ ಅಂತ ನಾನೂ ಗೊಣಗಿದವನೇ. ಈಗ ಬೇಲಿ ಇರಲಿ ಅನ್ನಿಸುತ್ತದೆ. ನಮ್ಮ ಕೈಗೆ ಸಿಕ್ಕ ಜಾಗಗಳ ಗತಿ ನೋಡಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಮೈದಾನದ ಪಕ್ಕದ ಬುಲೆವಾರ್ಡ್ ಮರಗಳು ಮೆಟ್ರೋಗೆ ಹೋದವು. (ಅದೇ ಮೆಟ್ರೋದಲ್ಲಿ ಕೂತು ನಾನು ಇದನ್ನೆಲ್ಲ ಯೋಚಿಸುತ್ತಿದ್ದೆ, ಅದು ಬೇರೆ ಮಾತು.) ಈ ಬಯಲು ಉಳಿದಿರುವುದೇ ಬೀಗ ಸೇನೆಯ ಕೈಲಿ ಇರೋದರಿಂದ. ತಿಂಗಳಿಗೊಂದು ಬೆಳಿಗ್ಗೆ ಶಾಲೆ ಮಕ್ಕಳನ್ನು ಕವಾಯತು ನೋಡಲು ಒಳಗೆ ಬಿಟ್ಟರೆ ನನಗೆ ಅಷ್ಟೇ ಸಾಕು. ಪಾರ್ಕಿಂಗ್ ಮಾತ್ರ ಬೇಡ.

ಇಷ್ಟನ್ನೂ ಆ ಹುಡುಗನಿಗೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಕಬ್ಬನ್ ಪಾರ್ಕ್ ಬಂತು, ಇಳಿದು ಹೋದ. ಅದಕ್ಕೇ ಇಲ್ಲಿ ಬರೆದೆ.