ಗುಜರಿ ಪುಕ್ಕಟೆ, ಹೊತ್ತು ಪುಕ್ಕಟೆಯಲ್ಲ

ಹಳೇ ಸಾಮಾನಿನಿಂದ ಒಡವೆ ಮಾಡಿ ಮಾರಬೇಕು ಅನ್ನುವವರಲ್ಲಿ ಹೆಚ್ಚಿನವರ ಲೆಕ್ಕ ಒಂದೇ: ಕಚ್ಚಾ ಮಾಲಿಗೆ ದುಡ್ಡಿಲ್ಲ, ಹಾಗಾಗಿ ಬಂದದ್ದೆಲ್ಲ ಲಾಭ. ಎಡವಟ್ಟು ಶುರುವಾಗುವುದೇ ಇಲ್ಲಿ. ತಂತಿ, ಕಾಗದ, ತಗಡು ಸುಮ್ಮನೆ ಸಿಗಬಹುದು. ಅದನ್ನು ತೊಳೆದು, ವಿಂಗಡಿಸಿ, ಅಂಚು ಉಜ್ಜಿ ಮೈಗೆ ತಾಗುವ ಹದಕ್ಕೆ ತರುವ ಹೊತ್ತನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ಬಹಳ ಸಲ ಓಲೆ ಕಟ್ಟುವುದಕ್ಕಿಂತ ಈ ತಯಾರಿಯೇ ಹೆಚ್ಚು ಹೊತ್ತು ತಿನ್ನುತ್ತದೆ.

ಮೊದಲು ಒಂದೇ ವಸ್ತು ಹಿಡಿಯಿರಿ. ಬಾಟಲಿ ಮುಚ್ಚಳ, ಸೈಕಲ್ ಟ್ಯೂಬು, ಜೀನ್ಸ್ ಚೂರು, ಒಡೆದ ಪಿಂಗಾಣಿ ಎಲ್ಲವನ್ನೂ ಗುಡ್ಡೆ ಹಾಕಿಕೊಂಡರೆ ಮನೆ ತುಂಬುತ್ತದೆ, ವ್ಯಾಪಾರ ಆಗುವುದಿಲ್ಲ. ಒಂದೊಂದಕ್ಕೂ ಬೇರೆ ಉಪಕರಣ, ಬೇರೆ ಅಂಟು, ಬೇರೆ ತಕರಾರು. ಶುರುವಿಗೆ ನನ್ನ ಓಟು ತಾಮ್ರದ ತಂತಿಗೆ ಅಥವಾ ಕಾಗದಕ್ಕೆ.

ತಾಮ್ರ ಅಂದರೆ ಹಳೇ ವಿದ್ಯುತ್ ವೈರು. ಅದರ ಮೇಲೆ ಬರೆದಿರುವ 1.5 ದಪ್ಪವಲ್ಲ, ಚದರ ಮಿಲಿಮೀಟರಿನಲ್ಲಿ ಅಡ್ಡಕೊಯ್ತದ ಅಳತೆ. ಒಳಗೆ ಒಂದೇ ಎಳೆ ಇದ್ದರೆ ಅದು ಸುಮಾರು 1.38 ಮಿ.ಮೀ. ದಪ್ಪ, ಬಳೆ, ಲೋಲಕಿನ ಚೌಕಟ್ಟಿಗೆ ಸರಿ, ಕಿವಿ ತೂತಿಗೆ ಆಗದು. ಮೇಲಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸೀಳಿ ಸುಲಿಯಬೇಕು. ಬೆಂಕಿಗೆ ಹಿಡಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಆ ಪ್ಲಾಸ್ಟಿಕ್ಕು, ಅಂದರೆ ಪಿವಿಸಿ, ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ ವಿಷದ ಹೊಗೆ ಬರುತ್ತದೆ. ಪರಿಸರದ ಹೆಸರು ಹೇಳಿಕೊಂಡು ಮಾಡುವ ಕೆಲಸವಲ್ಲ ಅದು. ಬಗ್ಗಿಸುತ್ತ ಹೋದಂತೆ ತಾಮ್ರ ಗಡುಸಾಗುತ್ತದೆ, ಮತ್ತೂ ಬಗ್ಗಿಸಿದರೆ ಮುರಿಯುತ್ತದೆ. ಆಗ ಮಂದ ಬೆಳಕಿನಲ್ಲಿ ಮಸುಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಕೂತ ಕಪ್ಪು ಪದರವನ್ನು ಬಿಸಿನೀರಿಗೆ ಸಿಟ್ರಿಕ್ ಆಮ್ಲ ಹಾಕಿ ತೆಗೆಯಬಹುದು. ಒಂದು ಕಪ್ ನೀರಿಗೆ ಒಂದು ದೊಡ್ಡ ಚಮಚ ಸಾಕು. ಬೆವರಿಗೆ ತಾಮ್ರ ಚರ್ಮಕ್ಕೆ ಹಸಿರು ಹತ್ತಿಸುತ್ತದೆ. ಲ್ಯಾಕರ್ ಅನ್ನುವ ಪಾರದರ್ಶಕ ಲೇಪ ಬಳಿದರೆ ಕೆಲಕಾಲ ತಡೆಯುತ್ತದೆ, ಆಮೇಲೆ ಸವೆಯುತ್ತದೆ. ಇದನ್ನು ಮಾರುವಾಗಲೇ ಹೇಳಿಬಿಡಿ, ದೂರು ಅರ್ಧಕ್ಕರ್ಧ ಕಡಿಮೆ.

ಕಾಗದದ ಮಣಿ ಸುಲಭ ಅನ್ನಿಸುತ್ತದೆ, ಅದಕ್ಕೇ ಹೆಚ್ಚು ಕೆಡುವುದೂ ಅದೇ. ಬುಡದಲ್ಲಿ 2 ಸೆಂ.ಮೀ., ಉದ್ದ 30 ಸೆಂ.ಮೀ. ಇರುವ ಚೂಪು ತ್ರಿಕೋನದ ಪಟ್ಟಿ ಕತ್ತರಿಸಿ, ಅಗಲ ತುದಿಯಿಂದ ಸಣ್ಣ ಕಡ್ಡಿಗೆ ಸುತ್ತಬೇಕು. ಮೊದಲ ಸುತ್ತಿಗೆ ಅಂಟು ಹಚ್ಚಬಾರದು, ಹಚ್ಚಿದರೆ ಮಣಿ ಕಡ್ಡಿ ಬಿಟ್ಟು ಬರುವುದಿಲ್ಲ. ಸಡಿಲ ಸುತ್ತಿದರೆ ನಡುಭಾಗ ಹೊರಗೆ ಜಾರುತ್ತದೆ. ಪತ್ರಿಕೆಯ ನುಣುಪು ಹಾಳೆ ಒಳ್ಳೆಯದು. ಮನೆಯ ಇಂಕ್‌ಜೆಟ್ ಪ್ರಿಂಟಿನ ಹಾಳೆಗೆ ಅಂಟು ತಾಗಿದ ಕೂಡಲೇ ಬಣ್ಣ ಹರಡುತ್ತದೆ. ವಾರ್ನಿಷ್ ತೆಳ್ಳಗೆ 3 ಸಲ, ಪ್ರತಿ ಸಲ ಪೂರ್ತಿ ಒಣಗಿದ ಮೇಲೆ. ಒಂದೇ ಸಲ ದಪ್ಪಗೆ ಬಳಿದರೆ ಮಬ್ಬಾಗಿ ಕೈಗೆ ಅಂಟುತ್ತಲೇ ಇರುತ್ತದೆ. ನೀರು ಒಳಹೋಗುವುದು ಹೊಟ್ಟೆಯಿಂದಲ್ಲ, ತೂತಿನ ಬಾಯಿಂದ. ಅಲ್ಲಿ ಕುಂಚ ಆಡಿಸದೆ ಬಿಡುವವರೇ ಜಾಸ್ತಿ.

ಕೆಲವನ್ನು ಮುಟ್ಟಲೇಬಾರದು ಅಂತ ನನ್ನ ಅಭಿಪ್ರಾಯ. ಹಳೇ ಹಿತ್ತಾಳೆ ಬೀಗದ ಕೈ ನೋಡಲು ಚಂದ, ಆದರೆ ಅಂಥ ಹಿತ್ತಾಳೆಯಲ್ಲಿ ಸೀಸ ಅನ್ನುವ ವಿಷದ ಲೋಹ ಇರುವುದು ಸಾಮಾನ್ಯ. ಬಣ್ಣ ಏಳುತ್ತಿರುವ ಹಳೇ ತಗಡಿಗೂ ಇದೇ ಮಾತು. ಎಲೆಕ್ಟ್ರಾನಿಕ್ ಬೋರ್ಡಿನ ಓಲೆಗೆ ಗಿರಾಕಿ ಇದ್ದಾರೆ. ಆದರೆ ಕತ್ತರಿಸುವಾಗ ಏಳುವುದು ಗಾಜಿನ ನಾರಿನ ದೂಳು, ಹಳೇ ಬೋರ್ಡಾದರೆ ಬೆಸುಗೆಯಲ್ಲಿ ಸೀಸವೂ ಇರುತ್ತದೆ. ಒದ್ದೆ ಮಾಡಿ ಕತ್ತರಿಸುವ ವ್ಯವಸ್ಥೆ, ಸರಿಯಾದ ಮಾಸ್ಕು ಇಲ್ಲದೆ ಅಡುಗೆಮನೆ ಮೇಜಿನ ಮೇಲೆ ಮಾಡುವಂಥದ್ದಲ್ಲ. ಪಿಂಗಾಣಿಯನ್ನೂ ಒದ್ದೆಯಲ್ಲೇ ಉಜ್ಜಬೇಕು, ಸಿಲಿಕಾ ದೂಳು ಶ್ವಾಸಕೋಶ ಬಿಟ್ಟು ಹೋಗುವುದಿಲ್ಲ.

ಈಗ ಜಗಳದ ವಿಷಯ. ಕಿವಿಯೊಳಗೆ ಹೋಗುವ ಕೊಕ್ಕೆಯೂ ಹಳೆಯದೇ ಆಗಿರಬೇಕು ಅಂತ ಹಟ ಹಿಡಿಯುವವರಿದ್ದಾರೆ. ಬೇಡ. ಅದೊಂದನ್ನು ಹೊಸದೇ ಕೊಳ್ಳಿ, ಟೈಟಾನಿಯಂ ಅಥವಾ ನಯೋಬಿಯಂ, 0.8 ಮಿ.ಮೀ. ದಪ್ಪ. ಎಲ್ಲಿಂದ ಬಂತೋ ಗೊತ್ತಿಲ್ಲದ ಲೋಹದಲ್ಲಿ ನಿಕ್ಕಲ್ ಇದ್ದರೆ ಕಿವಿ ತುರಿಸಿ ಕೀವಾಗಬಹುದು, ಮತ್ತೆ ಆ ಗಿರಾಕಿ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಚುಚ್ಚಿದ ತೂತಿಗೆ ಹಾಕುವ ಭಾಗದಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡಬಾರದು ಅನ್ನುವುದು ಯುರೋಪ್ ಒಕ್ಕೂಟದ ನಿಯಮ. ಅಷ್ಟು ಸಣ್ಣ ಪ್ರಮಾಣವನ್ನು ಕಣ್ಣಳತೆಯಲ್ಲಿ ಹೇಳಲು ಯಾರಿಂದಾಗುತ್ತದೆ? ತೂಕವನ್ನೂ ನೋಡಿಕೊಳ್ಳಿ: ಒಂದು ಓಲೆ 5–6 ಗ್ರಾಂ ಒಳಗಿದ್ದರೆ ದಿನವಿಡೀ ತೊಡಬಹುದು.

ಸೂಪರ್ ಗ್ಲೂ ನಂಬಬೇಡಿ, ಬಿದ್ದ ಏಟಿಗೆ ಬಿಡುತ್ತದೆ. ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ತಗೊಳ್ಳಿ, ಅಂಟಿಸುವ ಜಾಗವನ್ನು 220ರ ಉಪ್ಪುಕಾಗದದಲ್ಲಿ ಒರಟು ಮಾಡಿ, ಸ್ಪಿರಿಟ್ಟಿನಲ್ಲಿ ಒರೆಸಿ, 24 ಗಂಟೆ ಬಿಡಿ. ಲೋಲಕನ್ನು ಕೊಕ್ಕೆಗೆ ಸೇರಿಸುವ ಸಣ್ಣ ರಿಂಗನ್ನು ಅಗಲಕ್ಕೆ ಎಳೆದು ತೆರೆಯಬಾರದು, ಎರಡು ಇಕ್ಕಳ ಹಿಡಿದು ಒಂದು ತುದಿ ಮುಂದೆ, ಒಂದು ಹಿಂದೆ ತಿರುಗಿಸಬೇಕು. ಎಳೆದ ರಿಂಗು ಮತ್ತೆ ದುಂಡಗಾಗದು, ಆ ಸಂದಿಯಿಂದಲೇ ಲೋಲಕು ಉದುರುತ್ತದೆ.

ಬೆಲೆಗೆ ಬರೋಣ. 10 ಜೊತೆ ಓಲೆ ಅಂದುಕೊಳ್ಳಿ. ತೊಳೆದು ವಿಂಗಡಿಸಲು 60 ನಿಮಿಷ, ಕತ್ತರಿಸಿ ಉಜ್ಜಲು 90, ಕಟ್ಟಲು 80, ಫೋಟೊ ಮತ್ತು ವಿವರಕ್ಕೆ 40, ಪ್ಯಾಕಿಂಗಿಗೆ 30. ಕಟ್ಟುವುದು ಜೊತೆಗೆ 8 ನಿಮಿಷದ ಕೆಲಸ, ನಿಜವಾದ ಖರ್ಚು 30 ನಿಮಿಷ. ಕೆಟ್ಟು ಪಕ್ಕಕ್ಕಿಡುವ ಒಂದೆರಡು ಜೊತೆಯ ಹೊತ್ತನ್ನೂ ಇದಕ್ಕೇ ಸೇರಿಸಿ. ಅಂಗಡಿಯವರು ಮಾರಾಟದ ಬೆಲೆಯಲ್ಲಿ 40% ಇಟ್ಟುಕೊಳ್ಳುತ್ತಾರೆ ಅಂದಾಗ ಬಹಳ ಜನ ತಮಗೆ ಬೇಕಾದ 100 ರೂಪಾಯಿಗೆ 40 ಸೇರಿಸಿ 140 ಬರೆಯುತ್ತಾರೆ. 140ರಲ್ಲಿ 40% ಅಂದರೆ 56. ಕೈಗೆ ಬರುವುದು 84. 100 ಉಳಿಯಬೇಕಾದರೆ 0.6ರಿಂದ ಭಾಗಿಸಬೇಕು, ಬೆಲೆ ಸುಮಾರು 167.

ಕಂಪನಿಯ ಲೋಗೊ ಕಾಣುವಂತೆ ಪಾನೀಯದ ಡಬ್ಬಿ ಕತ್ತರಿಸಿ ಮಾರಬೇಡಿ, ಟ್ರೇಡ್‌ಮಾರ್ಕ್ ತಕರಾರು ಯಾಕೆ ಬೇಕು.

ಇನ್ನು ‘ಪರಿಸರಸ್ನೇಹಿ’ ಅನ್ನುವ ಚೀಟಿ. ಇಂಥ ಅಸ್ಪಷ್ಟ ಮಾತನ್ನು ಬಳಸಬಾರದು ಅಂತ ಸರಕಿನ ಪರಿಸರ ಹೇಳಿಕೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14021 ಹೇಳುತ್ತದೆ. ಕಾಗದದ ಮಣಿಯನ್ನು ಎಪಾಕ್ಸಿಯಲ್ಲಿ ಮುಳುಗಿಸಿದರೆ ಅದು ಮತ್ತೆ ಕಾಗದವಾಗಿ ಮರುಬಳಕೆಗೆ ಹೋಗದು, ಅದನ್ನು ಮುಚ್ಚಿಟ್ಟು ಹಸಿರು ಎಲೆಯ ಚಿತ್ರ ಅಂಟಿಸುವುದು ಮೋಸವೇ. ಇದ್ದದ್ದನ್ನು ಬರೆಯಿರಿ: ತಂತಿ ಹಳೇ ವೈರಿನದು, ಮಣಿ ಹಳೇ ಪತ್ರಿಕೆಯದು, ಮೇಲೆ ವಾರ್ನಿಷ್ ಇದೆ, ಕೊಕ್ಕೆ ಹೊಸ ಟೈಟಾನಿಯಂ, ಸ್ನಾನಕ್ಕೆ ಮುಂಚೆ ತೆಗೆದಿಡಿ. ಕೊಕ್ಕೆಯನ್ನು ಅಂಟಿಸದೆ ರಿಂಗಿನಿಂದ ಸೇರಿಸಿದರೆ, ಮಣಿ ಹಾಳಾದ ದಿನ ಅದನ್ನು ಕಳಚಿ ಇನ್ನೊಂದು ಓಲೆಗೆ ಹಾಕಿಕೊಳ್ಳಬಹುದು. ಅದನ್ನೂ ಚೀಟಿಯಲ್ಲಿ ಸೇರಿಸಿ.