ನನ್ನ ಮೆಚ್ಚಿನ ಗೋ ಪಂದ್ಯಗಳು ಮತ್ತು ಅವು ಮನಸ್ಸಿನಲ್ಲಿ ಉಳಿದ ಕಾರಣ

ಗೋ ಆಟದ ಪ್ರಸಿದ್ಧ ಪಂದ್ಯಗಳ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಮಣೆಯ ಹೊರಗಿನ ಸಂಗತಿಗಳೇ. ಒಬ್ಬ ಆಟಗಾರನ ಕಿವಿ ಕೆಂಪಾಯಿತು, ಒಂದು ಪಂದ್ಯದ ನಡುವೆ ಅಣುಬಾಂಬು ಬಿತ್ತು, ಮತ್ತೊಂದರಲ್ಲಿ ಯಂತ್ರವು ಮನುಷ್ಯನನ್ನು ಸೋಲಿಸಿತು. ತುಮಕೂರಿನಲ್ಲಿ ಚೆಸ್ ಆಡುವ ಗೆಳೆಯರಿಗೆ ಈ ಆಟವನ್ನು ಪರಿಚಯಿಸುವಾಗ ನಾನೂ ಇವುಗಳನ್ನೇ ಮುಂದಿಡುತ್ತೇನೆ. ಆದರೂ ಒಂದು ಪಂದ್ಯ ದೊಡ್ಡದು ಎನ್ನಿಸಿಕೊಳ್ಳಬೇಕಾದರೆ ಅದಕ್ಕೆ ಕಾರಣ ಮಣೆಯ ಮೇಲೆಯೇ ಸಿಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಡ್ಡ 19, ಉದ್ದ 19 ಗೆರೆಗಳು ಕೂಡುವ 361 ಬಿಂದುಗಳ ಮೇಲೆ ಕಪ್ಪು ಮತ್ತು ಬಿಳಿ ಕಾಯಿಗಳನ್ನು ಒಂದಾದ ಮೇಲೊಂದರಂತೆ ಇಡುತ್ತಾರೆ. ಇಟ್ಟ ಕಾಯಿ ಕದಲುವುದಿಲ್ಲ. ಎದುರಾಳಿ ಸುತ್ತುವರಿದು ಸೆರೆಹಿಡಿದರೆ ಮಾತ್ರ ಅದು ಮಣೆಯಿಂದ ಹೊರಗೆ ಹೋಗುತ್ತದೆ. ಹೆಚ್ಚು ಜಾಗವನ್ನು ತನ್ನದಾಗಿಸಿಕೊಂಡವನು ಗೆಲ್ಲುತ್ತಾನೆ. ನಡೆಗಳ ಕ್ರಮವನ್ನು ಅಂಕಿಗಳಲ್ಲಿ ಬರೆದಿಟ್ಟುಕೊಳ್ಳುವ ಪದ್ಧತಿ ಜಪಾನಿನಲ್ಲಿ ಬಹಳ ಹಳೆಯದಾದ್ದರಿಂದ, ಶತಮಾನಗಳ ಹಿಂದಿನ ಪಂದ್ಯವನ್ನು ಕೂಡ ಇಂದು ನಮ್ಮ ಮನೆಯ ಮಣೆಯ ಮೇಲೆ ಮೊದಲ ಕಾಯಿಯಿಂದ ಕೊನೆಯ ಕಾಯಿಯವರೆಗೆ ಮತ್ತೆ ಇಟ್ಟು ನೋಡಬಹುದು.

ಹಾಗೆ ನಾನು ಮತ್ತೆ ಮತ್ತೆ ಇಟ್ಟು ನೋಡುವುದು 1846ರಲ್ಲಿ ಒಸಾಕಾದಲ್ಲಿ ನಡೆದ ಪಂದ್ಯವನ್ನು. ಒಂದು ಕಡೆ ಗೋ ಕಲಿಸುವ ಇನೋವೆ ಮನೆತನದ ಹಿರಿಯ, ಎಂಟನೆಯ ದಾನ್ ದರ್ಜೆಯ (ದಾನ್ ಎಂದರೆ ಆಟಗಾರರ ಬಲದ ಅಳತೆ, ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು) ಗೆನ್ನಾನ್ ಇನ್ಸೆಕಿ. ಇನ್ನೊಂದು ಕಡೆ ಹೋನಿನ್‌ಬೋ ಮನೆತನದಲ್ಲಿ ಕಲಿಯುತ್ತಿದ್ದ, ನಾಲ್ಕನೆಯ ದಾನ್ ದರ್ಜೆಯ, ಹದಿಹರೆಯದ ಶೂಸಾಕು. ಆರಂಭದಲ್ಲಿ ಒಂದು ಮೂಲೆಯ ಜಟಿಲ ಹೋರಾಟದಲ್ಲಿ ಶೂಸಾಕು ತಪ್ಪಿದ್ದರಿಂದ, ಸುತ್ತ ಕುಳಿತಿದ್ದ ಗೆನ್ನಾನರ ಶಿಷ್ಯರು ಗೆಲುವು ತಮ್ಮ ಗುರುವಿನದೇ ಎಂದುಕೊಂಡಿದ್ದರು. 127ನೆಯ ನಡೆಯಲ್ಲಿ ಶೂಸಾಕು ಮಣೆಯ ನಡುಭಾಗದಲ್ಲಿ ಒಂದು ಕಪ್ಪು ಕಾಯಿಯನ್ನು ಇಟ್ಟರು. ಆಟದ ಸೂಕ್ಷ್ಮಗಳನ್ನು ಅಷ್ಟಾಗಿ ಅರಿಯದ ಒಬ್ಬ ವೈದ್ಯರು, ಗೆನ್ನಾನರ ಕಿವಿಗಳು ಕೆಂಪೇರಿದ್ದನ್ನು ಕಂಡು, ಅವರು ಸೋಲುತ್ತಾರೆ ಎಂದರಂತೆ. ಜನ ಇಷ್ಟಕ್ಕೆ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಆ ಕಿವಿಗಳನ್ನು ಕೆಂಪಾಗಿಸಿದ ಕಾಯಿ. ಅದು ಮೇಲ್ಭಾಗದಲ್ಲಿ ಕಪ್ಪಿನ ಹರವನ್ನು ಹೆಚ್ಚಿಸುತ್ತದೆ, ಬಲಗಡೆಯ ಬಿಳಿಯ ಪ್ರಭಾವವನ್ನು ತಗ್ಗಿಸುತ್ತದೆ, ಕೆಳಗೆ ಆಸರೆಯಿಲ್ಲದೆ ನಿಂತಿದ್ದ ಕಪ್ಪು ಕಾಯಿಗಳಿಗೆ ಬೆಂಬಲವಾಗುತ್ತದೆ ಮತ್ತು ಎಡಗಡೆಯ ಬಿಳಿಯ ಜಾಗದ ಮೇಲೂ ಕಣ್ಣಿಡುತ್ತದೆ. ಇವುಗಳಲ್ಲಿ ಯಾವ ಒಂದು ಕೆಲಸವನ್ನೂ ಅದು ಪೂರ್ತಿಯಾಗಿ ಮಾಡಿ ಮುಗಿಸುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ಆರಂಭಿಸುತ್ತದೆ, ಎದುರಾಳಿಗೆ ಒಂದನ್ನು ತಡೆಯುವಷ್ಟೇ ಅವಕಾಶವಿರುತ್ತದೆ. ಬೇಲೂರಿನ ವಿಗ್ರಹದಲ್ಲಿದ್ದ ದೋಷವನ್ನು ಎಳೆಯ ಡಂಕಣನು ಜಕಣಾಚಾರಿಗೆ ತೋರಿಸಿಕೊಟ್ಟ ಐತಿಹ್ಯವನ್ನು ಕೈದಾಳದ ಕಡೆಯವರಾದ ನಾವು ಚಿಕ್ಕಂದಿನಿಂದ ಕೇಳಿದ್ದೇವೆ; ಹಿರಿಯರ ಮಂಡಳಿಯ ನಡುವೆ ಆ ಹುಡುಗನ ಕೈ ಅಳುಕದೆ ಆ ಬಿಂದುವಿಗೆ ಹೋದದ್ದನ್ನು ನೆನೆದಾಗ ನನಗೆ ಅದೇ ನೆನಪಾಗುತ್ತದೆ. 325 ನಡೆಗಳ ಆ ಪಂದ್ಯವನ್ನು ಶೂಸಾಕು ಗೆದ್ದದ್ದು ಕೇವಲ ಎರಡು ಅಂಕಗಳಿಂದ. ಮುಂದೆ 1862ರಲ್ಲಿ ಕಾಲರಾ ಪೀಡಿತರ ಶುಶ್ರೂಷೆ ಮಾಡುತ್ತ, ತಮಗೂ ಅದೇ ರೋಗ ತಗುಲಿ ಅವರು ತೀರಿಕೊಂಡರು.

1933ರಲ್ಲಿ ಆರಂಭವಾದ ಹೋನಿನ್‌ಬೋ ಶೂಸಾಯಿ ಮತ್ತು ಗೋ ಸೇಗೆನ್ ಅವರ ಪಂದ್ಯದ ವಿಷಯದಲ್ಲಿ ನನ್ನ ಅಭಿಪ್ರಾಯ ಹೆಚ್ಚಿನವರಿಗಿಂತ ಬೇರೆ. ಚೀನಾದಿಂದ ಬಂದಿದ್ದ ಹತ್ತೊಂಬತ್ತರ ತರುಣ ಸೇಗೆನ್ ಮೊದಲ ಮೂರು ಕಾಯಿಗಳನ್ನು ಮೂಲೆಯ ಮೂರು-ಮೂರು ಬಿಂದುವಿನಲ್ಲಿ (ಎರಡೂ ಅಂಚುಗಳಿಂದ ಮೂರನೆಯ ಗೆರೆಗಳು ಕೂಡುವಲ್ಲಿ), ಎದುರು ಮೂಲೆಯ ನಕ್ಷತ್ರ ಬಿಂದುವಿನಲ್ಲಿ (ನಾಲ್ಕನೆಯ ಗೆರೆಗಳು ಕೂಡುವಲ್ಲಿ), ಮತ್ತು ಮಣೆಯ ನಟ್ಟನಡುವೆ ಇಟ್ಟರು. ಮೂರು-ಮೂರು ಬಿಂದುವು ಹೋನಿನ್‌ಬೋ ಪರಂಪರೆಯಲ್ಲಿ ನಿಷಿದ್ಧವಾಗಿತ್ತು, ಎದುರಿಗಿದ್ದವರು ಆ ಪರಂಪರೆಯ ಮುಖ್ಯಸ್ಥರು. ಬಿಳಿಯನ್ನು ಆಡುತ್ತಿದ್ದ ಶೂಸಾಯಿಯವರಿಗೆ ತಮ್ಮ ಸರದಿ ಬಂದಾಗ ಬೇಕೆಂದಲ್ಲಿ ಆಟ ನಿಲ್ಲಿಸುವ ಹಕ್ಕಿತ್ತು. ಪಂದ್ಯ 1934ರ ಜನವರಿಯವರೆಗೆ ಎಳೆಯಿತು. ಕೊನೆಗೆ 160ನೆಯ ನಡೆಯ ಬಲದಿಂದ ಶೂಸಾಯಿ ಎರಡು ಅಂಕಗಳಲ್ಲಿ ಗೆದ್ದರು. ಆ ನಡೆಯನ್ನು ಕಂಡುಹಿಡಿದವರು ಅವರ ಶಿಷ್ಯರೆಂಬ ವಾದ ಇಂದಿಗೂ ನಿಂತಿಲ್ಲ. ಆ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಸೋತವನು ಇಟ್ಟ ಮೊದಲ ಮೂರು ಕಾಯಿಗಳು ಮುಂದಿನ ತಲೆಮಾರಿನ ಆಟಗಾರರಿಗೆ ಇಡೀ ಮಣೆಯನ್ನು ತೆರೆದುಕೊಟ್ಟವು. ಪಂದ್ಯದ ಹಿರಿಮೆ ಇರುವುದು ಅಲ್ಲಿ.

1945ರ ಪಂದ್ಯದ ಬಗ್ಗೆ ಬರೆಯುವುದು ಕಷ್ಟ. ಅದೇ ಮನೆತನದ ಹೆಸರಿನ ಹೋನಿನ್‌ಬೋ ಪ್ರಶಸ್ತಿಗಾಗಿ ಹಾಶಿಮೊಟೊ ಉತಾರೊ ಮತ್ತು ಇವಾಮೊಟೊ ಕಾವೊರು ಆಡುತ್ತಿದ್ದ ಎರಡನೆಯ ಪಂದ್ಯವು ಹಿರೋಶಿಮಾದ ಹೊರವಲಯದ ಇತ್ಸುಕಾಯಿಚಿಯಲ್ಲಿ ನಡೆಯುತ್ತಿತ್ತು. ಮೊದಲನೆಯದು ನಗರದೊಳಗೇ ನಡೆದಿತ್ತು. ಆಗಸ್ಟ್ 6ರಂದು, ಆಟದ ಮೂರನೆಯ ದಿನ, ಬೆಳಿಗ್ಗೆ ಬಾಂಬು ಸಿಡಿದಾಗ ಆ ಮನೆಯ ಕಿಟಕಿಗಳು ಒಡೆದು, ಮಣೆಯ ಮೇಲಿನ ಕಾಯಿಗಳು ಚೆಲ್ಲಾಪಿಲ್ಲಿಯಾದವು. ಅವರು ಕಾಯಿಗಳನ್ನು ಮೊದಲಿದ್ದಂತೆಯೇ ಜೋಡಿಸಿ ಆ ದಿನವೇ ಆಟ ಮುಗಿಸಿದರು. ಹಾಶಿಮೊಟೊ ಐದು ಅಂಕಗಳಿಂದ ಗೆದ್ದರು. ಆಗಿನ್ನೂ ನಗರದಲ್ಲಿ ಏನಾಗಿದೆಯೆಂಬುದು ಅವರಿಗೆ ಪೂರ್ತಿ ತಿಳಿದಿರಲಿಲ್ಲ. ನಾನು ಮೇಲೆ ಹೇಳಿದ ಅಭಿಪ್ರಾಯಕ್ಕೆ ಇದು ಅಪವಾದವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ನೂರಕ್ಕೂ ಹೆಚ್ಚು ನಡೆಗಳ ಸ್ಥಿತಿಯನ್ನು ಅಂಥ ಗಳಿಗೆಯಲ್ಲಿ ಮರಳಿ ಜೋಡಿಸಲು ಸಾಧ್ಯವಾದದ್ದು, ಪ್ರತಿಯೊಂದು ಕಾಯಿಯನ್ನೂ ಯಾಕೆ ಅಲ್ಲಿಟ್ಟೆವು ಎಂಬುದು ಇಬ್ಬರಿಗೂ ತಿಳಿದಿದ್ದರಿಂದ. ಕಾರಣವಿಲ್ಲದೆ ಇಟ್ಟ ಕಾಯಿಗಳನ್ನು ಯಾರೂ ಹಾಗೆ ನೆನಪಿಟ್ಟುಕೊಳ್ಳಲಾರರು.

2016ರ ಮಾರ್ಚ್‌ನಲ್ಲಿ ಸೋಲ್‌ನಲ್ಲಿ ನಡೆದ ಕೊರಿಯಾದ ಆಟಗಾರ ಲೀ ಸೆಡೋಲ್ ಮತ್ತು ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಡುವಿನ ಐದು ಪಂದ್ಯಗಳಲ್ಲಿ ಎರಡನೆಯದರ 37ನೆಯ ನಡೆಯನ್ನು ಎಲ್ಲರೂ ಹೊಗಳುತ್ತಾರೆ. ಅಂಚಿನಿಂದ ಐದನೆಯ ಗೆರೆಯ ಮೇಲೆ, ಮನುಷ್ಯರು ಸಾಮಾನ್ಯವಾಗಿ ಯೋಚಿಸದಿದ್ದ ಕಡೆ ಯಂತ್ರವು ಕಾಯಿಯಿಟ್ಟಿತು, ಮತ್ತು ಆ ಕಾಯಿ ಮುಂದೆ ಸಾರ್ಥಕವಾಯಿತು. ನನಗೂ ಅದು ಇಷ್ಟವೇ. ಆದರೆ ಹೆಚ್ಚು ಪ್ರಿಯವಾದದ್ದು ನಾಲ್ಕನೆಯ ಪಂದ್ಯ. ಮೂರು ಪಂದ್ಯ ಸೋತು ಸರಣಿಯನ್ನೇ ಕಳೆದುಕೊಂಡಿದ್ದ ಲೀ, 78ನೆಯ ನಡೆಯಲ್ಲಿ ಕಪ್ಪಿನ ಎರಡು ಕಾಯಿಗಳ ನಡುವೆ ಬೆಣೆಯಂತೆ ಬಿಳಿ ಕಾಯಿಯನ್ನು ಹೊಡೆದರು. ಯಂತ್ರ ದಾರಿ ತಪ್ಪಿತು, 180 ನಡೆಗಳಿಗೆ ಸೋಲೊಪ್ಪಿತು. ಸರಿಯಾದ ಉತ್ತರ ಸಿಕ್ಕಿದ್ದರೆ ಆ ಬೆಣೆ ಫಲಿಸುತ್ತಿರಲಿಲ್ಲ ಎಂದು ನಂತರದ ವಿಶ್ಲೇಷಣೆಗಳು ಹೇಳುತ್ತವೆ, ಅದನ್ನೇ ಹಿಡಿದು ಆ ನಡೆಯನ್ನು ಕೆಳಗಿಳಿಸುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮಧ್ಯಭಾಗದಲ್ಲಿ ಕಪ್ಪಿನ ಜಾಗ ಗಟ್ಟಿಯಾಗುತ್ತಿದ್ದ ಆ ಸ್ಥಿತಿಯಲ್ಲಿ ಸಾಧಾರಣ ನಡೆಗಳೆಲ್ಲ ನಿಧಾನವಾಗಿ ಸೋಲಿನ ಕಡೆಗೇ ಒಯ್ಯುತ್ತಿದ್ದವು. ಎದುರಾಳಿಗೆ ಅತ್ಯಂತ ಕಠಿಣವಾದ ಪ್ರಶ್ನೆಯನ್ನು ಒಡ್ಡಬಲ್ಲ ಬಿಂದು ಯಾವುದೆಂಬುದನ್ನು ಲೀ ಸೀಮಿತ ಸಮಯದಲ್ಲಿ, ಜಗತ್ತೆಲ್ಲ ನೋಡುತ್ತಿರುವಾಗ, ಒಬ್ಬರೇ ಕುಳಿತು ಹುಡುಕಿದರು. ಅಂದು ಮಣೆಯ ಮೇಲೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರಿಗೆ ಉತ್ತರ ಸಿಗಲಿಲ್ಲ.